ಮೋರೇರ ಮನೆಯಲ್ಲಿ ನಿಧಿ ಇಲ್ಲ

ಕಳೆದ ಬೇಸಿಗೆ ರಜೆಯಲ್ಲಿ ಅಕ್ಕನ ಮಗ ಬೆಂಗಳೂರಿನಿಂದ ದೋರನಹಳ್ಳಿಗೆ ಬರುವಾಗ ಇಪ್ಪತ್ತು ಮುಖದ ದಾಳವೊಂದನ್ನು ತಂದಿದ್ದ. ‘ಏನಪಾ ಇದು, ಪಗಡಿ ಏನು?’ ಎಂದೆ. ‘ಅಲ್ಲ ಮಾಮ, ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ಇದರಲ್ಲಿ ನಾವೇ ಪಾತ್ರಗಳು’ ಎಂದ. ಒಬ್ಬ ಕಥೆ ನಡೆಸುತ್ತಾನೆ. ಉಳಿದವರು ಮಾಂತ್ರಿಕ, ಬೇಟೆಗಾರ, ಕುಳ್ಳ ಹೀಗೆ ಒಂದೊಂದು ವೇಷ ಹಿಡಿಯುತ್ತಾರೆ. ಅಂದುಕೊಂಡದ್ದು ನಡೆಯಿತೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ. ಬಯಲಾಟ ನೋಡಿ ಬೆಳೆದವನಿಗೆ ಇದು ತಿಳಿಯುವುದು ಕಷ್ಟವಾಗಲಿಲ್ಲ. ಭಾಗವತನಿದ್ದಾನೆ, ಪಾತ್ರಗಳಿವೆ, ಮಾತನ್ನು ಮಾತ್ರ ಯಾರೂ ಬರೆದಿಟ್ಟಿಲ್ಲ.

ಅವನ ಬಳಿ ಹಳೆಯ ಕಥೆಯೊಂದಿತ್ತು. ಗುಡ್ಡದ ಮೇಲೆ ಕುಳ್ಳರ ಗೋರಿಗಳು, ಒಳಗೆ ಎಲುಬಿನ ಹಂದರಗಳು, ಅದರಾಚೆ ಬಂಗಾರ. ‘ಇದು ಎಲ್ಲರಿಗೂ ಬೇಜಾರಾಗಿದೆ ಮಾಮ. ನಮ್ಮ ಕಡೆಯ ಹೊಸ ಸಂಗತಿ ಹಾಕಿ ಆಡೋಣ. ಇಲ್ಲಿ ಕುಳ್ಳರ ಕಥೆ ಇದೆಯಾ?’ ಎಂದು ಕೇಳಿದ. ಇದೆ ಎಂದೆ. ಅಲ್ಲಿಂದ ನನ್ನ ಓದು ಶುರುವಾಯಿತು.

ಮೊದಲು ಈ ಆಟದ ಚರಿತ್ರೆ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅಮೆರಿಕದಲ್ಲಿ ಇದನ್ನು ಪ್ರಕಟಿಸಿದ್ದು 1974ರಲ್ಲಿ. ಆಟ ನಡೆಯಲು ಒಂದು ಲೋಕ ಬೇಕು. ಅಂಥ ಲೋಕಗಳಲ್ಲಿ ಹೆಚ್ಚು ಹೆಸರಾದದ್ದು ಎಡ್ ಗ್ರೀನ್‌ವುಡ್ ಕಟ್ಟಿದ ‘ಫರ್ಗಾಟನ್ ರೆಲ್ಮ್ಸ್’. ಅದು ಅಚ್ಚಾಗಿ ಬಂದದ್ದು 1987ರಲ್ಲಿ. 2008ರಲ್ಲಿ ಪ್ರಕಾಶಕರು ಅದನ್ನು ಹೊಸದು ಮಾಡಲು ಹೊರಟು ಕಥೆಯ ಕಾಲವನ್ನು ಸುಮಾರು ನೂರು ವರ್ಷ ಮುಂದೆ ನೂಕಿದರು. ಒಂದು ಮಹಾ ವಿಪತ್ತು ತಂದು ಹಲವು ನಾಡುಗಳನ್ನು, ದೇವರುಗಳನ್ನು ಅಳಿಸಿಹಾಕಿದರು. ಹಳೆಯ ಆಟಗಾರರಲ್ಲಿ ಬಹಳ ಮಂದಿ ಸಿಟ್ಟಾದರು. 2014ರ ಆವೃತ್ತಿಯ ಹೊತ್ತಿಗೆ ಅಳಿಸಿದ್ದರಲ್ಲಿ ಎಷ್ಟನ್ನೋ ಮರಳಿ ತರಬೇಕಾಯಿತು. ಕಲ್ಪನೆಯ ಲೋಕವೇ ಇರಲಿ, ಅಲ್ಲಿ ಬಾಳಿದವರ ನೆನಪು ಕಿತ್ತುಹಾಕಿದರೆ ಜನ ಸುಮ್ಮನಿರುವುದಿಲ್ಲ.

ಇನ್ನು ನಮ್ಮ ನೆಲ. ಕೃಷ್ಣಾ–ಭೀಮಾ ನಡುವಿನ ಈ ಸೀಮೆಯಲ್ಲಿ ದೊಡ್ಡ ಬಂಡೆ ಚಪ್ಪಡಿಗಳನ್ನು ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿದ ಕಲ್ಮನೆಗಳಿವೆ. ಸುರಪುರ ಸೀಮೆಯ ರಾಜನಕೋಳೂರಿನವು ಹೆಸರಾದವು. ಇಂಥವನ್ನು ಜನ ಕರೆಯುವುದು ಮೋರೇರ ಮನೆ ಎಂದು. ಮೋರೇರು ಗಿಡ್ಡ ಆಳುಗಳು, ಆದರೆ ಬಂಡೆ ಎತ್ತುವಷ್ಟು ಶಕ್ತಿವಂತರು ಎಂಬುದು ಮೊದಲ ಪದರದ ಕಥೆ. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ಲಿನ ಗುಡ್ಡಕ್ಕೂ ಅವರದೇ ಹೆಸರು.

ಎರಡನೆಯ ಪದರವನ್ನು ತಂದವನು ಫಿಲಿಪ್ ಮೆಡೋಸ್ ಟೇಲರ್. 1841ರಿಂದ 1853ರವರೆಗೆ ಅವನು ಸುರಪುರ ಸಂಸ್ಥಾನದ ಆಡಳಿತ ನೋಡಿಕೊಂಡ. ಅವನು ಕಟ್ಟಿಸಿದ ಟೇಲರ್ ಮಂಜಿಲ್ ಈಗಲೂ ಸುರಪುರದ ಗುಡ್ಡದ ಮೇಲಿದೆ. ರಾಜನಕೋಳೂರಿನ ಕಲ್ಮನೆಗಳನ್ನು ಅವನು ಅಳೆದ, ಚಿತ್ರ ಬರೆದ. ಬಾಂಬೆಯ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಲೇಖನ ಪ್ರಕಟಿಸಿದ. ತನ್ನ ದ್ವೀಪದಲ್ಲಿ ಇಂಥದೇ ಕಲ್ಲುಗಳಿದ್ದವಲ್ಲ, ಆದ್ದರಿಂದ ಇವೂ ಸಿಥಿಯನ್ನರವು, ಡ್ರುಯಿಡ್ ಪುರೋಹಿತರವು ಎಂದು ಬಗೆದ. ನಮ್ಮ ಮೋರೇರ ಮನೆಗೆ ಹೀಗೆ ಬ್ರಿಟನ್ನಿನ ಪೂಜಾರಿಗಳು ಬಂದು ಕೂತರು.

ಮೂರನೆಯ ಪದರ ಅಗೆತದಿಂದ ಬಂತು. 1947ರಲ್ಲಿ ಮಾರ್ಟಿಮರ್ ವ್ಹೀಲರ್ ಚಿತ್ರದುರ್ಗ ಸೀಮೆಯ ಬ್ರಹ್ಮಗಿರಿಯಲ್ಲಿ ಮಣ್ಣಿನ ಪದರಗಳನ್ನು ಓದಿ, ಇಂಥ ಗೋರಿಗಳು ಇಲ್ಲಿಯೇ ಬದುಕಿದ, ಕಬ್ಬಿಣ ಬಲ್ಲ ಜನರವು ಎಂದು ತೋರಿಸಿದರು. ಅವರು ಹೇಳಿದ ಕಾಲ ಕ್ರಿ.ಪೂ. 200ರ ಆಸುಪಾಸು, ನಂತರದ ಸಂಶೋಧನೆ ಅದನ್ನು ಇನ್ನೂ ಎಷ್ಟೋ ಶತಮಾನ ಹಿಂದಕ್ಕೆ ಒಯ್ದಿದೆ. ಶಹಾಪುರ ತಾಲ್ಲೂಕಿನ ವಿಭೂತಿಹಳ್ಳಿಯಲ್ಲಿ ಗುಂಡುಕಲ್ಲುಗಳು ಸಾಲುಸಾಲಾಗಿ, ಲೆಕ್ಕ ಹಾಕಿ ಇಟ್ಟಂತೆ ಹರಡಿವೆ. ಎಫ್. ಆರ್. ಆಲ್ಚಿನ್ ಇಂಥ ಸಾಲುಗಳ ಬಗ್ಗೆ 1956ರಲ್ಲಿ ಬರೆದರು. ಈ ಶತಮಾನದಲ್ಲಿ ಶ್ರೀಕುಮಾರ್ ಮೆನನ್, ಮಯಾಂಕ್ ವಾಹಿಯಾ ಮುಂತಾದವರು ಆ ಸಾಲುಗಳಿಗೂ ಸೂರ್ಯ ಹುಟ್ಟಿ ಮುಳುಗುವ ದಿಕ್ಕಿಗೂ ನಂಟಿದೆಯೇ ಎಂದು ಅಳೆದು ನೋಡಿದ್ದಾರೆ.

ಇಷ್ಟೆಲ್ಲ ಹೇಳಿದ ಮೇಲೆ ಹುಡುಗ ಕೇಳಿದ: ‘ಹಾಗಾದರೆ ಮೋರೇರನ್ನ, ಡ್ರುಯಿಡ್‌ಗಳನ್ನ ತೆಗೆದುಬಿಡೋಣ. ಸುಳ್ಳಲ್ವಾ ಅದು?’

ನಾನು ಒಪ್ಪಲಿಲ್ಲ. ಮೋರೇರ ಕಥೆ ಕಲ್ಲು ನಿಲ್ಲಿಸಿದವರ ಬಗ್ಗೆ ಏನೂ ಹೇಳದಿರಬಹುದು. ಆದರೆ ಆಮೇಲೆ ಬಂದವರು ಆ ಕಲ್ಲುಗಳನ್ನು ಕಂಡು ಹೇಗೆ ಬೆರಗಾದರು ಎಂಬುದಕ್ಕೆ ಅದೇ ದಾಖಲೆ. ಟೇಲರ್ ಊಹಿಸಿದ್ದು ತಪ್ಪು, ಅಳೆದದ್ದು ತಪ್ಪಲ್ಲ. ಆದ್ದರಿಂದ ಆಟದಲ್ಲಿ ಎಲ್ಲರೂ ಇರಲಿ ಎಂದೆ. ಕುರಿ ಕಾಯುವ ಮುದುಕ ಮೋರೇರ ಕಥೆ ಹೇಳಲಿ. ದೊರೆ ಡ್ರುಯಿಡ್‌ಗಳ ಬಗ್ಗೆ ವಾದ ಮಾಡಲಿ. ಮಣ್ಣಿನ ಪದರ ತನ್ನದನ್ನು ಹೇಳಲಿ. ಯಾರ ಮಾತು ಎಷ್ಟು ನಂಬಬೇಕೆಂದು ಆಡುವವರೇ ತೂಗಲಿ.

ತೆಗೆಯಲೇಬೇಕು ಎಂದು ನಾನು ಹಟ ಹಿಡಿದದ್ದು ಬಂಗಾರವನ್ನು. ಈ ಆಟದ ಹಳೆಯ ನಿಯಮದಲ್ಲಿ ಒಂದು ಬಂಗಾರದ ನಾಣ್ಯ ತಂದರೆ ಒಂದು ಅಂಕ. ಗೋರಿ ಒಡೆದಷ್ಟೂ ಆಟಗಾರ ಬೆಳೆಯುತ್ತಾನೆ. ಅಮೆರಿಕದಲ್ಲಿ ಕೂತವರಿಗೆ ಅದು ತಮಾಷೆಯಾಗಿರಬಹುದು. ನಮ್ಮಲ್ಲಿ ನಿಧಿಯಾಸೆಗೆ ಬಿದ್ದವರು ಗುಡಿಯ ಗರ್ಭಗೃಹ ಅಗೆದಿದ್ದಾರೆ, ವೀರಗಲ್ಲು ಉರುಳಿಸಿದ್ದಾರೆ, ಕಲ್ಮನೆಯ ಚಪ್ಪಡಿ ಒಡೆದಿದ್ದಾರೆ. ‘ಹಳೇ ಕಲ್ಲಿನ ಕೆಳಗ ಬಂಗಾರ ಐತಿ’ ಎಂಬ ಒಂದೇ ಮಾತು ಸಾಕು, ಮಳೆಗಾಳಿಗೆ ಎರಡೂವರೆ ಸಾವಿರ ವರ್ಷ ಜಗ್ಗದೆ ನಿಂತದ್ದು ಒಂದು ರಾತ್ರಿಯಲ್ಲಿ ಹೋಗುತ್ತದೆ. ಅದೇ ಮಾತನ್ನು ನಾನು ಹುಡುಗರಿಗೆ ಆಟವಾಗಿ ಕಲಿಸಲಾರೆ. ಟೇಲರ್ ಜೇವರ್ಗಿಯ ಬಳಿ ಗೋರಿಗಳನ್ನು ತೆಗೆಸಿದಾಗ ಸಿಕ್ಕದ್ದು ಮನುಷ್ಯರ ಎಲುಬು, ಮಡಕೆ, ಕಬ್ಬಿಣದ ಆಯುಧ. ನಮ್ಮ ಆಟದಲ್ಲಿಯೂ ಅಷ್ಟೇ ಸಿಗಬೇಕೆಂದು ತೀರ್ಮಾನವಾಯಿತು.

ಕೊನೆಗೊಂದು ಸಂಜೆ ಓಣಿಯ ನಾಲ್ಕು ಹುಡುಗರು ಕಟ್ಟೆಯ ಮೇಲೆ ಕೂತು ಆಡಿದರು. ಮಗ್ಗುಲ ಮನೆಯ ಹುಡುಗ ಗೋರಿ ತೆಗೆಯಲು ದಾಳ ಎಸೆದ. ಇಪ್ಪತ್ತು ಬಿತ್ತು. ಎಲ್ಲರೂ ಕೂಗಿದರು. ಒಳಗೆ ಕಪ್ಪು–ಕೆಂಪು ಮಡಕೆ, ತುಕ್ಕು ಹಿಡಿದ ಈಟಿಯ ತುದಿ, ಪಕ್ಕದಲ್ಲಿ ಮಲಗಿಸಿದ ಎಲುಬುಗಳು ಎಂದೆ.

‘ಅಷ್ಟೇ ಏನ್ರಿ ಕಾಕಾ?’ ಎಂದವನು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ: ‘ಯಾರವು ಎಲುಬು?’

ಆ ಸಂಜೆ ಮತ್ತೆ ಯಾರೂ ಕತ್ತಿ ಹಿಡಿಯಲಿಲ್ಲ. ಸತ್ತವನು ಯಾರು, ಅವನನ್ನು ಹೂಳಲು ಅಷ್ಟು ದೊಡ್ಡ ಕಲ್ಲನ್ನು ಎಷ್ಟು ಮಂದಿ ಹೊತ್ತಿರಬೇಕು, ಅವರೆಲ್ಲ ಅವನಿಗೆ ಏನಾಗಬೇಕು ಎಂದು ಕತ್ತಲಾಗುವವರೆಗೂ ಮಾತಾಡಿದರು. ಹೋಗುವ ಮುಂಚೆ ಚಪ್ಪಡಿಯನ್ನು ಇದ್ದ ಹಾಗೆಯೇ ಮುಚ್ಚಿದರು. ಅದಕ್ಕೆ ದಾಳ ಎಸೆಯಿರಿ ಎಂದು ನಾನು ಹೇಳಲಿಲ್ಲ.