ಏಡಿಯ ಮೇಲೆ ಬಂದ ಅಪವಾದ

ಮಗು ಅಪ್ಪನ ಮೂಗು ತಂದಿದೆಯಾ, ಅಮ್ಮನ ಬಣ್ಣ ತಂದಿದೆಯಾ ಅಂತ ತೊಟ್ಟಿಲ ಸುತ್ತ ನಿಂತು ಲೆಕ್ಕ ಹಾಕೋದು ನಮಗೆ ಮೋಜು. ಸಾಗರ ತಾಲ್ಲೂಕಿನ ಹಂದಿಗೋಡಿನ ಕೆಲವು ಮನೆಗಳಿಗೆ ಅದೇ ಲೆಕ್ಕ ಭಯ.

1970ರ ದಶಕದ ನಡುವಿನಲ್ಲಿ ಈ ಊರಿನ ಹೆಸರು ಹೊರಗೆ ಕೇಳಿಬಂತು. ಸೊಂಟ, ಮೊಣಕಾಲಿನ ನೋವು. ಬರಬರುತ್ತಾ ಕೀಲು ಸವೆದು ನಡೆಯೋದೇ ಕಷ್ಟ. ಕೆಲವರು ಎತ್ತರ ಬೆಳೆಯದೆ ಕುಳ್ಳಾಗೇ ಉಳಿದರು. ನರಳಿದವರು ಬಹುಪಾಲು ಛಲವಾದಿ, ಚನ್ನಂಗಿ ಸಮುದಾಯದ ಬಡವರು. ಅವರು ಗದ್ದೆಯ ಏಡಿ ಹಿಡಿದು ತಿನ್ನುತ್ತಿದ್ದರು, ಗದ್ದೆಗೆ ಕೀಟನಾಶಕ ಬೀಳುತ್ತಿತ್ತು. ಸರಿ, ಅನುಮಾನ ಏಡಿಯ ಮೇಲೆ. (ಬಡವರ ಕಾಯಿಲೆ ಅಂದ್ರೆ ನಾವು ಮೊದಲು ಇಣುಕೋದು ಅವರ ತಟ್ಟೆಗೆ.)

ಆದರೆ ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯ ಭಟ್ ಮತ್ತು ಕೃಷ್ಣಮಾಚಾರಿ 1977ರಲ್ಲಿ ಪ್ರಕಟಿಸಿದ ಲೇಖನದ ತಲೆಬರಹದಲ್ಲೇ 'ಕೌಟುಂಬಿಕ' ಅನ್ನೋ ಪದ ಇತ್ತು. ಏಡಿ ಎಲ್ಲರ ಗದ್ದೆಯಲ್ಲೂ ಇತ್ತು. ಕಾಯಿಲೆ ಮಾತ್ರ ಮನೆತನ ಹಿಡಿದು ಹೋಗುತ್ತಿತ್ತು. 1994ರಲ್ಲಿ ಬಂದ ಎಕ್ಸ್-ರೇ ಅಧ್ಯಯನ ಇದನ್ನು ಮೂಳೆ ಬೆಳವಣಿಗೆಯ ಹೊಸ ಬಗೆಯ ದೋಷ ಎಂದು ಗುರುತಿಸಿತು. ಅದು ಪ್ರಬಲ ಜೀನ್ ಮೂಲಕ ಬರುವಂಥದ್ದು. ಅಂದರೆ ಅಪ್ಪ ಅಮ್ಮನಲ್ಲಿ ಒಬ್ಬರಿಂದ ಒಂದು ಪ್ರತಿ ಸಿಕ್ಕರೂ ಸಾಕು.

ಇಲ್ಲಿ ನಾವು ಎಡವೋದು. ಹೊಸಕೆರೆಹಳ್ಳಿಯ ಫ್ಲ್ಯಾಟಿನಲ್ಲಿ ಕೂತು 'ಸಂಬಂಧದಲ್ಲೇ ಮದುವೆ ಆಗಿರ್ತಾರೆ ಬಿಡಿ' ಅಂದುಬಿಡ್ತೀವಿ. 1980ರ ದಶಕದಲ್ಲಿ ಬೆಂಗಳೂರು, ಮೈಸೂರುಗಳಲ್ಲಿ ಹೆರಿಗೆಯಾದ ದಂಪತಿಗಳನ್ನು ಲೆಕ್ಕ ಹಾಕಿದಾಗ ಸುಮಾರು ಮೂರಕ್ಕೆ ಒಂದು ಮದುವೆ ಸಂಬಂಧದಲ್ಲೇ ಆಗಿತ್ತು, ಅದು ಬೇರೆ ಮಾತು. ಅಕ್ಕನ ಮಗಳನ್ನು ಮದುವೆಯಾದರೆ, ಯಾವುದೇ ಒಂದು ಜೀನಿನ ಎರಡೂ ಪ್ರತಿ ಹಿರಿಯರೊಬ್ಬರ ಒಂದೇ ಪ್ರತಿಯಿಂದ ಮಗುವಿಗೆ ಇಳಿದುಬರುವ ಸಾಧ್ಯತೆ 8ರಲ್ಲಿ 1. ಅತ್ತೆಯ ಅಥವಾ ಮಾವನ ಮಗಳಾದರೆ 16ರಲ್ಲಿ 1. ಎರಡೂ ಪ್ರತಿ ಕೆಟ್ಟಾಗ ಮಾತ್ರ ಕಾಣಿಸುವ ಕಾಯಿಲೆಗಳಿಗೆ ಈ ಲೆಕ್ಕ ಮುಖ್ಯ. ಹಂದಿಗೋಡಿನ ಲೆಕ್ಕವೇ ಬೇರೆ: ಕಾಯಿಲೆ ಇರುವ ತಂದೆ ಏಳು ಸಮುದ್ರದಾಚೆಯ ಹೆಣ್ಣನ್ನು ತಂದರೂ ಪ್ರತಿ ಮಗುವಿಗೂ ಅರ್ಧಕ್ಕರ್ಧ. ಗಂಡ ಹೆಂಡತಿ ಇಬ್ಬರಿಗೂ ಇದ್ದರೆ ಸಾಮಾನ್ಯವಾಗಿ ನಾಲ್ಕರಲ್ಲಿ ಮೂರು.

ಅರ್ಧ ಅಂದರೆ ನಾಲ್ಕು ಮಕ್ಕಳಲ್ಲಿ ಇಬ್ಬರು ಅಂತಲ್ಲ. ಸರಿಯಾಗಿ ಇಬ್ಬರಿಗೇ ಬರುವ ಸಾಧ್ಯತೆ 16ರಲ್ಲಿ 6 ಅಷ್ಟೇ. ನಾಲ್ವರೂ ಪಾರಾಗುವುದು 16ರಲ್ಲಿ 1, ನಾಲ್ವರಿಗೂ ತಗಲುವುದೂ ಅಷ್ಟೇ. ಮೊದಲನೆಯವನಿಗೆ ಬಂತು, ಎರಡನೆಯವಳು ಬಚಾವು ಅನ್ನೋ ಹಾಗಿಲ್ಲ. ಪ್ರತಿ ಬಸಿರಿಗೂ ನಾಣ್ಯ ಹೊಸದಾಗಿ ಚಿಮ್ಮುತ್ತದೆ. ಅದು ಹೇಗೆ ಬಿತ್ತು ಅಂತ ತೊಟ್ಟಿಲಲ್ಲಿ ಗೊತ್ತಾಗಲ್ಲ. ಮಗು ಓಡಾಡಿಕೊಂಡಿರುತ್ತದೆ, ಒಂದು ದಿನ ಸೊಂಟ ನೋವು ಅನ್ನುತ್ತದೆ.