ಬಿದಿರಿನ ಎರಡು ತುದಿ, ಒಂದೇ ಕಟ್ಟಳೆ

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಸೀಮೆಯ ಜನರಿಗೆ ಬಿದಿರು ಹೊಸದಲ್ಲ. ಉದ್ದನೆಯ ಗಳವೊಂದನ್ನು ಇಬ್ಬರು ಹೆಗಲ ಮೇಲಿಟ್ಟು ಕಾಲುದಾರಿಯಲ್ಲಿ ಸಾಗುವುದನ್ನು ನೋಡಿ. ದಾರಿ ನೇರವಾಗಿರುವಷ್ಟು ಹೊತ್ತು ತೊಂದರೆಯಿಲ್ಲ. ತಿರುವಿನಲ್ಲಿ ಮಾತ್ರ ಹಿಂದಿನವನು ನಡಿಗೆ ನಿಧಾನಿಸಲೇಬೇಕು. ಇಲ್ಲವಾದರೆ ಗಳ ಮುಂದಿನವನ ಹೆಗಲನ್ನು ತಳ್ಳುತ್ತದೆ. ಈ ಅನುಭವದ ಹಿಂದೆ ಗಣಿತದ ಒಂದು ಕಟ್ಟಳೆಯಿದೆ.

ಚಲಿಸುವ ದಂಡದ ಪ್ರತಿ ತುದಿಯ ವೇಗವನ್ನೂ ಎರಡು ಘಟಕಗಳಾಗಿ ಒಡೆಯಬಹುದು: ದಂಡದ ಉದ್ದಕ್ಕೆ ಸಾಗುವ ಪಾಲು, ದಂಡಕ್ಕೆ ಅಡ್ಡಲಾಗಿ ಸಾಗುವ ಪಾಲು. ಅಡ್ಡ ಪಾಲುಗಳು ಎಷ್ಟೇ ಭಿನ್ನವಾಗಿರಲಿ, ಅಡ್ಡಿಯಿಲ್ಲ. ದಂಡ ತಿರುಗುತ್ತದೆ, ಅಷ್ಟೆ. ಆದರೆ ಉದ್ದದ ಪಾಲು ಎರಡೂ ತುದಿಗಳಲ್ಲಿ ಒಂದೇ ಆಗಿರಬೇಕು. ಇಲ್ಲದಿದ್ದರೆ ದಂಡ ಹಿಗ್ಗಬೇಕು ಇಲ್ಲವೇ ಕುಗ್ಗಬೇಕು. ಗಟ್ಟಿ ದಂಡಕ್ಕೆ ಅದು ಸಾಧ್ಯವಿಲ್ಲ. ಮುಂದಿನವನು ಗಳಕ್ಕೆ 60 ಡಿಗ್ರಿ ಕೋನದಲ್ಲಿ ತಿರುಗಿ ನಡೆದರೆ ಅವನ ವೇಗದ ಅರ್ಧ ಮಾತ್ರ ಗಳದ ಉದ್ದಕ್ಕೆ ಬೀಳುತ್ತದೆ. ಗಳದ ನೇರಕ್ಕೇ ಬರುತ್ತಿರುವ ಹಿಂದಿನವನ ವೇಗವೂ ಆಗ ಅಷ್ಟಕ್ಕೇ ಇಳಿಯಬೇಕು.

ಬಿದಿರಿಗೂ ಗಣಿತಕ್ಕೂ ಇರುವ ನಂಟು ಹಳೆಯದು. ಸಹ್ಯಾದ್ರಿಯ ಆಶ್ರಯದಲ್ಲಿದ್ದ ವಿಜ್ಜಡವಿಡದ ಭಾಸ್ಕರಾಚಾರ್ಯರು 1150ರ ಸುಮಾರಿನಲ್ಲಿ ರಚಿಸಿದ ‘ಲೀಲಾವತಿ’ಯಲ್ಲಿ ಗಾಳಿಗೆ ಮುರಿದ 32 ಮೊಳದ ಬಿದಿರಿನ ಲೆಕ್ಕವಿದೆ. ಅದರ ತುದಿ ಬುಡದಿಂದ 16 ಮೊಳ ದೂರದಲ್ಲಿ ನೆಲ ಮುಟ್ಟಿದೆ. ಮುರಿದದ್ದು ಎಷ್ಟು ಎತ್ತರದಲ್ಲಿ? ಉತ್ತರ 12 ಮೊಳ. ಓರೆಯಾಗಿ ಬಿದ್ದ ತುಂಡು 20 ಮೊಳ.

ಅದೇ 20 ಮೊಳದ ತುಂಡನ್ನು ಏಣಿಯಂತೆ ಗೋಡೆಗೆ ಒರಗಿಸಿದರೆ ಲೆಕ್ಕಕ್ಕೆ ಜೀವ ಬರುತ್ತದೆ. ಬುಡ ಸೆಕೆಂಡಿಗೆ 1 ಮೊಳದಂತೆ ಒಂದೇ ವೇಗದಲ್ಲಿ ಹೊರಗೆ ಜಾರುತ್ತಿದೆ ಎನ್ನಿ. ಬುಡ ಗೋಡೆಯಿಂದ 12 ಮೊಳ ದೂರದಲ್ಲಿದ್ದಾಗ ಮೇಲಿನ ತುದಿ ಸೆಕೆಂಡಿಗೆ ಮುಕ್ಕಾಲು ಮೊಳದಂತೆ ಇಳಿಯುತ್ತದೆ. ಬುಡ 16 ಮೊಳಕ್ಕೆ ಸರಿದಾಗ ಆ ವೇಗ ಒಂದೂ ಮೂರನೇ ಒಂದು ಮೊಳಕ್ಕೆ ಏರುತ್ತದೆ. ಬುಡದ ಜಾರುವಿಕೆ ಬದಲಾಗದಿದ್ದರೂ ಮೇಲಿನ ತುದಿಯ ಇಳಿತ ಹೆಚ್ಚುತ್ತಲೇ ಹೋಗುತ್ತದೆ. ಹೆಂಚು ಹೊದಿಸಲು ಏಣಿ ಹತ್ತಿದವನ ಪಾಲಿಗೆ ಇದು ಬರಿಯ ಪುಸ್ತಕದ ಮಾತಲ್ಲ.

ಭಾಸ್ಕರಾಚಾರ್ಯರು ಗ್ರಹಗಳ ತಾತ್ಕಾಲಿಕ ಗತಿಯನ್ನು, ಎಂದರೆ ಆ ಕ್ಷಣದ ವೇಗವನ್ನು, ಚರ್ಚಿಸಿದ್ದರು. ಗಟ್ಟಿ ವಸ್ತುಗಳ ಚಲನೆಯನ್ನು ವಿಸ್ತಾರವಾದ ಗಣಿತವಾಗಿ ಬೆಳೆಸಿದವನು ಸ್ವಿಟ್ಜರ್‌ಲೆಂಡಿನ ಲಿಯೊನಾರ್ಡ್ ಆಯ್ಲರ್. ಈ ಕುರಿತ ಅವನ ಗ್ರಂಥ 1765ರಲ್ಲಿ ಹೊರಬಂತು. ಕುಶಲಕರ್ಮಿಗಳ ಕೈಗೆ ಮಾತ್ರ ದಂಡ ಎಷ್ಟೋ ಮೊದಲೇ ಒಲಿದಿತ್ತು. ಇಂದಿನ ಟರ್ಕಿಯ ಹೈರಾಪೊಲಿಸ್‌ನಲ್ಲಿ, ಚಕ್ರದ ತಿರುಗಾಟವನ್ನು ದಂಡದ ಮೂಲಕ ಗರಗಸದ ಎಳೆದಾಟವಾಗಿಸಿದ ಕಲ್ಲು ಕೊಯ್ಯುವ ಯಂತ್ರದ ಕೆತ್ತನೆ ಸಿಕ್ಕಿದೆ. ಅದು ಕ್ರಿ.ಶ. ಮೂರನೇ ಶತಮಾನದ್ದು.

ಉಗಿ ಎಂಜಿನ್ ಈ ಕೆಲಸವನ್ನು ತಿರುವುಮುರುವು ಮಾಡಿತು. ಅಲ್ಲಿ ಪಿಸ್ಟನ್ ಹಿಂದೆ ಮುಂದೆ ಓಡುತ್ತದೆ, ಚಕ್ರದ ಗೂಟ ಸುತ್ತುತ್ತದೆ, ನಡುವಿನ ದಂಡ ಎರಡನ್ನೂ ಬೆಸೆಯುತ್ತದೆ. ಇಂಥ ಎಂಜಿನ್‌ಗಳು ಜೋಯಿಡಾ ತಾಲ್ಲೂಕಿನ ಕ್ಯಾಸಲ್‌ರಾಕ್ ಘಟ್ಟಕ್ಕೂ ಬಂದವು. ಮುರ್ಮುಗೋವಾ ಬಂದರಿನಿಂದ ಹೊರಟ ರೈಲುಹಾದಿ 1888ರಲ್ಲಿ ಘಟ್ಟವೇರಿತು. ಅಲ್ಲಿನ ಏರು ಕಡಿದು: 37 ಅಡಿ ಸಾಗಿದರೆ 1 ಅಡಿ ಮೇಲೇರಬೇಕು.

ಇಲ್ಲಿಯೇ ದಂಡದ ಕಟ್ಟಳೆಗೆ ಪರೀಕ್ಷೆ. ಗೂಟ ತೀರ ಮುಂದೆ ಅಥವಾ ತೀರ ಹಿಂದೆ ಬಂದ ಗಳಿಗೆಯಲ್ಲಿ ಅದರ ವೇಗವೆಲ್ಲ ದಂಡಕ್ಕೆ ಅಡ್ಡಲಾಗಿರುತ್ತದೆ; ಉದ್ದದ ಪಾಲು ಸೊನ್ನೆ. ಆದ್ದರಿಂದ ಪಿಸ್ಟನ್ ಕ್ಷಣಕಾಲ ನಿಲ್ಲುತ್ತದೆ. ಎಂಜಿನ್ ಅದೇ ನೆಲೆಯಲ್ಲಿ ನಿಂತುಬಿಟ್ಟರೆ ಆ ಪಿಸ್ಟನ್ನಿಗೆ ಎಷ್ಟು ಉಗಿ ತುಂಬಿದರೂ ಚಕ್ರ ತಿರುಗದು. ಏರಿನಲ್ಲಿ ನಿಂತ ಭಾರದ ಗಾಡಿಗೆ ಇದು ಅಪಾಯ. ಪರಿಹಾರ ಸರಳವಾಗಿತ್ತು. ಎಂಜಿನ್ನಿನ ಎರಡು ಬದಿಯ ಗೂಟಗಳನ್ನು ಪರಸ್ಪರ 90 ಡಿಗ್ರಿ ಅಂತರದಲ್ಲಿ ಕೂರಿಸುತ್ತಿದ್ದರು. ಒಂದು ಬದಿ ಸೋತಾಗ ಇನ್ನೊಂದು ಬದಿ ಎಳೆಯುತ್ತಿತ್ತು.

ಉಗಿ ಎಂಜಿನ್‌ಗಳ ಕಾಲ ಮುಗಿದಿದೆ. 1990ರ ದಶಕದಲ್ಲಿ ಘಟ್ಟದ ಮೀಟರ್‌ಗೇಜ್ ಹಾದಿಯೂ ಬ್ರಾಡ್‌ಗೇಜ್ ಆಯಿತು. ಆದರೆ ಡೀಸೆಲ್ ಎಂಜಿನ್ನಿನ ಒಡಲಲ್ಲಿ, ದಾಂಡೇಲಿ ರಸ್ತೆಯ ಲಾರಿಯ ಒಡಲಲ್ಲಿ ಅದೇ ದಂಡ ಅದೇ ಕಟ್ಟಳೆಗೆ ತಲೆಬಾಗಿ ಓಡುತ್ತಿದೆ. ಬಿದಿರು ಹೊತ್ತವರು ತಿರುವಿನಲ್ಲಿ ಕಲಿತ ಪಾಠವೂ ಅದೇ: ಅಡ್ಡಕ್ಕೆ ಯಾರು ಹೇಗೆ ನಡೆದರೂ ಸರಿ, ಉದ್ದಕ್ಕೆ ಇಬ್ಬರೂ ಒಂದಾಗಿ ನಡೆಯಬೇಕು.