‘ನಾನು’ ಎಣಿಸುವ ವಿದ್ಯೆ

1986ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ ಮತ್ತು ಸಾಂಡ್ರಾ ಬೀಲ್ ಒಂದು ಪ್ರಯೋಗದ ವರದಿ ಪ್ರಕಟಿಸಿದರು. ಕಾಲೇಜು ಹುಡುಗ ಹುಡುಗಿಯರು ಸತತ ನಾಲ್ಕು ದಿನ, ದಿನಕ್ಕೆ 15 ನಿಮಿಷ, ತಮ್ಮನ್ನು ತುಂಬ ನೋಯಿಸಿದ ಘಟನೆಯ ಬಗ್ಗೆ ಬರೆಯಬೇಕು. ಇನ್ನೊಂದು ಗುಂಪಿನವರು ಯಾವುದಾದರೂ ಚಿಲ್ಲರೆ ವಿಷಯ ಬರೆದರೆ ಸಾಕು. ಬರೆದ ಹೊತ್ತಿನಲ್ಲಿ ಮೊದಲ ಗುಂಪಿನವರ ಮನಸ್ಸು ಇನ್ನಷ್ಟು ಕುಗ್ಗಿತು. ಆದರೆ ನಡೆದದ್ದನ್ನೂ ಅದರ ಸಂಕಟವನ್ನೂ ಸೇರಿಸಿ ಬರೆದವರು ಮುಂದಿನ ತಿಂಗಳುಗಳಲ್ಲಿ ಕಾಲೇಜಿನ ಆರೋಗ್ಯ ಕೇಂದ್ರಕ್ಕೆ ಹೋದದ್ದು ಕಡಿಮೆ. ಇಂದು ಜಾಲತಾಣಗಳಲ್ಲಿ ಒತ್ತಡ, ಖಿನ್ನತೆಯ ಬಗ್ಗೆ ಜನ ಆಡುವ ಮಾತನ್ನು ಅಳೆಯುವ ಸಂಶೋಧನೆಯ ಬೇರುಗಳಲ್ಲಿ ಒಂದು ಆ ಕಾಗದಗಳಲ್ಲಿದೆ.

ರಾಶಿ ಬಿದ್ದ ಬರಹವನ್ನು ಓದಿ ತೂಗುವವರು ಯಾರು? ಪೆನ್ನೆಬೇಕರ್ ತಂಡ ತೊಂಬತ್ತರ ದಶಕದ ಆರಂಭದಲ್ಲಿ ಪದ ಎಣಿಸುವ ಒಂದು ಕಂಪ್ಯೂಟರ್ ಪ್ರೋಗ್ರಾಂ ಮಾಡಿಕೊಂಡಿತು. ದುಃಖದ ಪದ ಎಷ್ಟು, ಸಿಟ್ಟಿನ ಪದ ಎಷ್ಟು, ಸರ್ವನಾಮ ಎಷ್ಟು ಎಂದು ಅದು ಲೆಕ್ಕ ಕೊಡುತ್ತಿತ್ತು. ಅಚ್ಚರಿ ಹುಟ್ಟಿಸಿದ್ದು ದುಃಖದ ಪದಗಳಲ್ಲ, ಸರ್ವನಾಮಗಳು. 2001ರಲ್ಲಿ, ಆತ್ಮಹತ್ಯೆ ಮಾಡಿಕೊಂಡ ಒಂಬತ್ತು ಕವಿಗಳ ಮತ್ತು ಹಾಗೆ ಸಾಯದ ಒಂಬತ್ತು ಕವಿಗಳ ಸುಮಾರು 300 ಕವಿತೆಗಳನ್ನು ಹೋಲಿಸಿದಾಗ, ಮೊದಲಿನವರಲ್ಲಿ ‘ನಾನು’ ಹೆಚ್ಚು ಸಿಕ್ಕಿತು. 2004ರಲ್ಲಿ ಖಿನ್ನ ವಿದ್ಯಾರ್ಥಿಗಳ ಪ್ರಬಂಧಗಳಲ್ಲೂ ಅದೇ ಕಂಡಿತು. ನೋವಿನಲ್ಲಿರುವ ಮನಸ್ಸು ತನ್ನ ಸುತ್ತಲೇ ಸುತ್ತುತ್ತದೆ ಎಂಬ ಹಳೆಯ ಊಹೆಗೆ ಅಂಕಿಯ ಬಲ ಬಂತು.

ಅಷ್ಟರಲ್ಲಿ ಜನ ತಾವಾಗಿಯೇ ಸಾರ್ವಜನಿಕವಾಗಿ ಬರೆಯತೊಡಗಿದ್ದರು. 2013ರಲ್ಲಿ ಮೈಕ್ರೋಸಾಫ್ಟ್ ರಿಸರ್ಚ್‌ನ ಮುನ್ಮುನ್ ಡೇ ಚೌಧುರಿ ಮತ್ತು ಸಂಗಡಿಗರು 476 ಮಂದಿಯ ಟ್ವಿಟರ್ ಬರಹಗಳಿಂದ, ಖಿನ್ನತೆಗೆ ಬೀಳುವವರನ್ನು ಸುಮಾರು ನೂರಕ್ಕೆ ಎಪ್ಪತ್ತರಷ್ಟು ಸರಿಯಾಗಿ ಮುಂಚಿತವಾಗಿ ಗುರುತಿಸಬಹುದು ಎಂದರು. ಬೇರೆಯವರೊಂದಿಗೆ ಮಾತು ಕಡಿಮೆಯಾಗುವುದು, ರಾತ್ರಿ ಹೊತ್ತು ಬರೆಯುವುದು, ಔಷಧಿಯ ಪ್ರಸ್ತಾಪ ಬರುವುದು, ಮತ್ತೆ ಅದೇ ‘ನಾನು’. ಮರುವರ್ಷ ಅವರೇ ರೆಡಿಟ್ ಎಂಬ ಜಾಲತಾಣದ ಕಡೆ ತಿರುಗಿ, ಒಂದೇ ಸಲಕ್ಕೆಂದು ತೆರೆದು ಬಿಟ್ಟುಬಿಡುವ ಅನಾಮಧೇಯ ಖಾತೆಗಳಲ್ಲಿ ಜನ ಹೇಗೆ ಬಿಚ್ಚಿ ಮಾತಾಡುತ್ತಾರೆಂದು ನೋಡಿದರು. ನಮ್ಮ ವಾರಪತ್ರಿಕೆಗಳ ಸಲಹೆ ಅಂಕಣಕ್ಕೆ ‘ಹೆಸರು, ಊರು ಬೇಡ’ ಎಂದು ಪತ್ರ ಹಾಕುತ್ತಿದ್ದವರಿಗೆ ಇದರಲ್ಲಿ ಹೊಸತೇನೂ ಕಾಣದು. ಜಾಲತಾಣದ ಮಾತಿನಿಂದ ಮನಸ್ಸನ್ನು ಅಳೆಯುವ, 2013ರಿಂದ 2018ರೊಳಗೆ ಬಂದ 75 ಅಧ್ಯಯನಗಳನ್ನು 2020ರ ಒಂದು ವಿಮರ್ಶೆ ಒಟ್ಟಿಗೆ ಇಟ್ಟು ನೋಡಿತು.

ಎಡವಟ್ಟು ಬಂದದ್ದು ವಿದ್ಯೆ ಪ್ರಯೋಗಾಲಯದಿಂದ ಹೊರಬಿದ್ದಾಗ. ಸಂಕಟದಲ್ಲಿರುವವರ ಮಾತಿಗೆ ದಶಕಗಳಿಂದ ಕಿವಿಗೊಡುತ್ತ ಬಂದ ಬ್ರಿಟನ್ನಿನ ಸಮರಿಟನ್ಸ್ ಸಂಸ್ಥೆ 2014ರ ಅಕ್ಟೋಬರ್ 29ರಂದು ‘ರೇಡಾರ್’ ಎಂಬ ಸೌಲಭ್ಯ ತಂದಿತು. ನೀವು ಟ್ವಿಟರ್‌ನಲ್ಲಿ ಹಿಂಬಾಲಿಸುವ ಯಾರಾದರೂ ಕಳವಳಕಾರಿ ಮಾತು ಬರೆದರೆ ನಿಮಗೆ ಇಮೇಲ್ ಬರುತ್ತಿತ್ತು, ಬರೆದವರಿಗೆ ಮಾತ್ರ ಅದರ ಸುಳಿವಿಲ್ಲ. ಸ್ವತಃ ಖಿನ್ನತೆ ಅನುಭವಿಸಿದವರೇ ಸಿಡಿದೆದ್ದರು. ತಮ್ಮನ್ನು ಕಾಡುತ್ತಿರುವ ದುರುಳರಿಗೂ ತಾವು ಕುಸಿದ ಗಳಿಗೆ ತಿಳಿಯುತ್ತದಲ್ಲ ಎಂಬುದು ಅವರ ಪ್ರಶ್ನೆ. ನವೆಂಬರ್ 7ಕ್ಕೆ ಸಂಸ್ಥೆ ಅದನ್ನು ನಿಲ್ಲಿಸಿತು. ಸದುದ್ದೇಶದ ಕಾವಲೂ ಕಾವಲೇ ಎಂದು ಈ ಕ್ಷೇತ್ರ ಕಲಿತದ್ದು ಅಲ್ಲಿ, ಆದರೂ ಪೂರ್ತಿ ಕಲಿತಿದೆ ಎಂದು ನನಗನ್ನಿಸುವುದಿಲ್ಲ.

ಅಂಕಿಗಳೂ ಮೊದಲಿನಷ್ಟು ಗಟ್ಟಿಯಾಗಿ ಉಳಿಯಲಿಲ್ಲ. 2019ರಲ್ಲಿ ಅಮೆರಿಕ ಮತ್ತು ಜರ್ಮನಿಯ 4,700ಕ್ಕೂ ಹೆಚ್ಚು ಜನರ ಮಾಹಿತಿ ಕೂಡಿಸಿದಾಗ, ‘ನಾನು’ ಬಳಕೆಗೂ ಖಿನ್ನತೆಗೂ ನಂಟಿದೆ, ಆದರೆ ತೆಳುವಾದದ್ದು ಎಂದು ಗೊತ್ತಾಯಿತು. ಅದು ಖಿನ್ನತೆಯೊಂದರ ಗುರುತೂ ಅಲ್ಲ, ಒಟ್ಟಾರೆ ನೊಂದ ಮನಸ್ಸಿನ ಗುರುತು. ಅದೇ ವರ್ಷ ಇನ್ನೊಂದು ಅಧ್ಯಯನ, ‘ನನಗೆ ಈ ಕಾಯಿಲೆ ಇದೆ’ ಎಂದು ಜಾಲದಲ್ಲಿ ಹೇಳಿಕೊಂಡವರ ಬರಹದಿಂದ ಕಲಿತ ಯಂತ್ರ ಆಸ್ಪತ್ರೆಯ ನಿಜವಾದ ರೋಗಿಗಳ ಮುಂದೆ ಮುಗ್ಗರಿಸುವುದನ್ನು ತೋರಿಸಿತು.

ಈಗ ಇದನ್ನು ಕನ್ನಡಕ್ಕೆ ತಂದು ನೋಡಿ. ‘ಯಾಕೋ ನಿದ್ದೆ ಬರ್ತಿಲ್ಲ. ಊಟ ಸೇರ್ತಿಲ್ಲ. ಎದೆ ಭಾರ. ಏನೂ ಬೇಡ ಅನ್ನಿಸ್ತಿದೆ.’ ಇದಕ್ಕಿಂತ ಸ್ಪಷ್ಟವಾಗಿ ಖಿನ್ನತೆಯನ್ನು ಹೇಳುವುದು ಕಷ್ಟ, ಆದರೆ ಇದರಲ್ಲಿ ‘ನಾನು’ ಒಮ್ಮೆಯೂ ಇಲ್ಲ. ಕ್ರಿಯಾಪದದ ಕೊನೆಯಲ್ಲೂ ಆ ಗುರುತಿಲ್ಲ: ಬಾರದೆ ಹೋಗಿರುವುದು ನಿದ್ದೆ, ಭಾರವಾಗಿರುವುದು ಎದೆ. ದುಃಖದ ಪದವೂ ಒಂದಿಲ್ಲ. ಇಂಗ್ಲಿಷಿಗಾಗಿ ಮಾಡಿದ ಜಾಲರಿಯಲ್ಲಿ ಈ ಮಾತು ಸೋರಿಹೋಗುತ್ತದೆ. ಇನ್ನು ‘ಟೆನ್ಷನ್’ ಪದವೋ, ಪರೀಕ್ಷೆಯ ಹಿಂದಿನ ರಾತ್ರಿಗೂ ಸಾಲಗಾರರ ಕಾಟಕ್ಕೂ ಬದುಕೇ ಬೇಡವಾದ ಸ್ಥಿತಿಗೂ ಅದೊಂದೇ.

ಇದು ಬರೀ ವ್ಯಾಕರಣದ ತೊಡಕಲ್ಲ. 1996ರಲ್ಲಿ ನಿಮ್ಹಾನ್ಸ್‌ನ ಆರ್. ರಘುರಾಮ್, ಮಿಚೆಲ್ ವೈಸ್ ಮತ್ತು ಸಂಗಡಿಗರು ಬೆಂಗಳೂರಿನ 80 ಮಂದಿ ಹೊರರೋಗಿಗಳ ಅಧ್ಯಯನ ಪ್ರಕಟಿಸಿದ್ದರು. ಖಿನ್ನತೆಯ ಲಕ್ಷಣ ಹೆಚ್ಚಿದಷ್ಟೂ ರೋಗಿಗೆ ಕಳಂಕದ ಅಳುಕು ಹೆಚ್ಚುತ್ತಿತ್ತು. ದೇಹದ ನೋವನ್ನೇ ಮುಂದಿಟ್ಟವರಲ್ಲಿ ಅದು ಕಡಿಮೆ. ತಲೆನೋವು, ಸುಸ್ತು ಎಲ್ಲರಿಗೂ ಬರುತ್ತದೆ, ನೆರೆಮನೆಯವರಿಗೂ ಹೇಳಬಹುದು. ಮನಸ್ಸು ಕೆಟ್ಟಿದೆ ಎಂದರೆ ಮದುವೆಯ ಮಾತುಕತೆಯೇ ಮುರಿದೀತು. ಹಾಗಾಗಿ ‘ಮೈಕೈ ನೋವು’ ಎಂಬುದು ಎಷ್ಟೋ ಸಲ ಯೋಚಿಸಿ ಆರಿಸಿಕೊಂಡ ಮಾತು. ಜಾಲತಾಣದ ಸಂಶೋಧಕರು ಈ ಕಡೆ ತಿರುಗಲು ಎರಡು ದಶಕ ಬೇಕಾಯಿತು. 2017ರಲ್ಲಿ ಡೇ ಚೌಧುರಿ ತಂಡ, ಭಾರತದಂಥ ದೇಶಗಳವರು ಮಾನಸಿಕ ಕಾಯಿಲೆಯ ಬಗ್ಗೆ ಬರೆಯುವಾಗ ಪಶ್ಚಿಮದವರಿಗಿಂತ ಹೆಚ್ಚು ಬಿಗಿಹಿಡಿಯುತ್ತಾರೆಂದು ಕಂಡಿತು. 2024ರಲ್ಲಿ ಅಮೆರಿಕದೊಳಗೇ ಪೆಟ್ಟು ಬಿತ್ತು: ‘ನಾನು’ ಎಂಬ ಗುರುತು ಬಿಳಿಯರಲ್ಲಿ ಕೆಲಸ ಮಾಡುತ್ತದೆ, ಕಪ್ಪು ಜನರಲ್ಲಿ ಮಾಡುವುದಿಲ್ಲ. ಇಷ್ಟು ವರ್ಷ ಸಾರ್ವತ್ರಿಕ ಎಂದುಕೊಂಡದ್ದು ಒಂದು ಗುಂಪಿನ ಮಾತಿನ ರೂಢಿಯಾಗಿತ್ತು.

ಕನ್ನಡದಲ್ಲಿ ಸಂಕಟ ಬರಹಕ್ಕಿಂತ ದನಿಯಲ್ಲೇ ಹೆಚ್ಚು ಹೊರಬರುತ್ತದೆ ಎಂದು ನನ್ನ ಎಣಿಕೆ. 2022ರ ಅಕ್ಟೋಬರ್ 10ರಂದು ಆರಂಭವಾದ, ನಿಮ್ಹಾನ್ಸ್ ಮುಂದಾಳುತನದ ಟೆಲಿಮಾನಸ್‌ನ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಅಲ್ಲಿ ‘ಎದೆ ಭಾರ’ ಎಂದರೆ ಕೇಳುವವರು ಮುಂದಿನ ಪ್ರಶ್ನೆ ಕೇಳಬಲ್ಲರು.

ಇತ್ತ ಸಂಶೋಧಕರ ಬಾವಿಯೇ ಬತ್ತುತ್ತಿದೆ. 2023ರಲ್ಲಿ ಟ್ವಿಟರ್ ತನ್ನ ಮಾಹಿತಿಯನ್ನು ಪುಕ್ಕಟೆ ಕೊಡುವುದನ್ನು ನಿಲ್ಲಿಸಿತು, ರೆಡಿಟ್ ಕೂಡ ಬೆಲೆ ಕಟ್ಟಿತು. ಮಾತೂ ಜಾಗ ಬದಲಿಸಿ ಚಾಟ್‌ಬಾಟ್‌ಗಳ ಕಡೆ ಹೋಗುತ್ತಿದೆ. ತನ್ನ ವಾರದ ಬಳಕೆದಾರರಲ್ಲಿ ಶೇ. 0.15ರಷ್ಟು ಜನರ ಸಂಭಾಷಣೆಯಲ್ಲಿ ಆತ್ಮಹತ್ಯೆಯ ಯೋಜನೆ ಅಥವಾ ಉದ್ದೇಶದ ಸ್ಪಷ್ಟ ಸೂಚನೆ ಕಾಣುತ್ತದೆಂದು ಚಾಟ್‌ಬಾಟ್ ಕಂಪನಿ ಓಪನ್‌ಎಐ 2025ರ ಅಕ್ಟೋಬರ್‌ನಲ್ಲಿ ತಿಳಿಸಿತು. ಆಗ ಅದು ಹೇಳಿಕೊಂಡಿದ್ದ ವಾರದ ಬಳಕೆದಾರರು 80 ಕೋಟಿ, ಅಂದರೆ ವಾರಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ಮಂದಿ. ಆ ಮಾತುಗಳನ್ನು ಹೊರಗಿನವರಾರೂ ಓದಲಾಗದು. ಎಣಿಸುವುದೂ ಆ ಕಂಪನಿಯೇ, ಏನನ್ನು ಅಪಾಯವೆಂದು ಎಣಿಸಬೇಕೆಂದು ತೀರ್ಮಾನಿಸುವುದೂ ಅದೇ.